ಅಳುಕು ಹೋದರೆ ಸೋಮಾರಿತನ ಬರುತ್ತದೆಯೇ?

"ಮೇಡಂ, ಸುಮ್ಮನೆ ಕುಳಿತಾಗ ಕಾಡುವ ಈ ಅಳುಕು ಹೋಗಿಬಿಟ್ಟರೆ ನಾನು ಸೋಮಾರಿಯಾಗುವುದಿಲ್ಲವೇ?" ಮುಂಬಯಿಯ ಮುಲುಂಡ್‌ನಲ್ಲಿರುವ ನನ್ನ ಆಪ್ತಸಮಾಲೋಚನೆಯ ಕೊಠಡಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಇದು. ಕೇಳುವವರಲ್ಲಿ ಮೈಗಳ್ಳರು ಯಾರೂ ಇಲ್ಲ. ಡೊಂಬಿವಲಿಯಿಂದ ಬೆಳಗಿನ ಲೋಕಲ್‌ನಲ್ಲಿ ನಿಂತೇ ಹೋಗಿ, ನಿಂತೇ ಬರುವ ಬ್ಯಾಂಕ್ ಅಧಿಕಾರಿಗಳು, ಸಿ.ಎ. ಅಂತಿಮ ಪರೀಕ್ಷೆಗೆ ಓದುತ್ತಿರುವ ಮಕ್ಕಳು, ರಾತ್ರಿ ಪಾಳಿಯ ನರ್ಸ್‌ಗಳು, ಹೋಟೆಲ್ ನಡೆಸುವವರು. ಭಾನುವಾರ ಮಧ್ಯಾಹ್ನ ಒಂದು ಗಂಟೆ ಮಲಗಿ ಎದ್ದರೆ ಸಂಜೆಯೆಲ್ಲ ತಮ್ಮನ್ನು ತಾವೇ ಬೈದುಕೊಳ್ಳುವ ಜನ.

ಆಗುವುದಿಲ್ಲ ಎನ್ನುತ್ತೇನೆ. ತಲೆಯಾಡಿಸುತ್ತಾರೆ, ನಂಬುವುದಿಲ್ಲ. ಮುಂದಿನ ವಾರ ಅದೇ ಪ್ರಶ್ನೆ. ಆದ್ದರಿಂದ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ತಮ್ಮನ್ನು ದುಡಿಸುತ್ತಿರುವುದು ಅಳುಕೇ ಎಂದು ಇವರೆಲ್ಲ ನಂಬಿದ್ದಾರೆ. ಆದರೆ ಅವರ ಒಂದು ವಾರದ ಕೆಲಸವನ್ನು ಕೂಡಿಸಿಕೊಂಡು ನೋಡಿದರೆ ಬೇರೆಯೇ ಕಾಣುತ್ತದೆ. ಅಳುಕಿದ ಮನಸ್ಸಿಗೆ ಪುಸ್ತಕ ತೆರೆಯುವುದೆಂದರೆ ನಿನ್ನೆ ಓದಲಿಲ್ಲವೆಂಬ ಬೈಗುಳವನ್ನು ಮತ್ತೆ ಕೇಳಿದಂತೆ. ಯಾರಿಗೆ ಬೇಕು ಅದು? ಪುಸ್ತಕ ಮುಚ್ಚಿಯೇ ಇರುತ್ತದೆ, ಅಳುಕು ಇಮ್ಮಡಿಯಾಗುತ್ತದೆ, ಮರುದಿನ ಪುಸ್ತಕದ ಹತ್ತಿರ ಹೋಗುವುದು ಇನ್ನೂ ಕಷ್ಟ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ವಿದ್ಯಾರ್ಥಿಗಳಲ್ಲೇ ನೋಡಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಓದುವಾಗ ಮುಂದೂಡಿದ್ದು ಕಡಿಮೆ. ಒಂದು ಅಧ್ಯಯನವನ್ನೇ ಹಿಡಿದು ಶಾಸನ ಬರೆಯಲಾಗದು, ಎಲ್ಲರ ಸ್ವಭಾವವೂ ಒಂದೇ ಅಲ್ಲ. ಆದರೂ ನನ್ನ ಎದುರು ಕುಳಿತವರಲ್ಲಿ ನಾನು ಕಂಡಿರುವುದೂ ಇದನ್ನೇ. ಅಳುಕು ದುಡಿಸುವುದು ಕಡಿಮೆ. ವಿಶ್ರಾಂತಿಯನ್ನು ಕೆಡಿಸುವುದರಲ್ಲಿ ಮಾತ್ರ ಅದು ಎಂದೂ ತಪ್ಪುವುದಿಲ್ಲ.

ಕೆಟ್ಟ ವಿಶ್ರಾಂತಿ ಹೇಗಿರುತ್ತದೆ? ಚೆಂಬೂರಿನಲ್ಲಿ ಹೋಟೆಲ್ ಇರುವ, ಕುಂದಾಪುರದ ಕಡೆಯ ಹಿರಿಯರೊಬ್ಬರು ಬರುತ್ತಿದ್ದರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ವೈದ್ಯರು ಹೇಳಿದ್ದರಿಂದ ಊಟದ ಹೊತ್ತು ಮುಗಿದ ಮೇಲೆ ಗಲ್ಲಾ ಅಳಿಯನಿಗೆ ಬಿಟ್ಟು ಮನೆಗೆ ಹೋಗಿ ಮಲಗುತ್ತಿದ್ದರು. ದಣಿವು ಮಾತ್ರ ಇಳಿದಿರಲಿಲ್ಲ. ಕೇಳುತ್ತಾ ಹೋದಾಗ ತಿಳಿಯಿತು: ಮಲಗಿಕೊಂಡು ಮೊಬೈಲ್‌ನಲ್ಲಿ ಹೋಟೆಲಿನ ಸಿಸಿಟಿವಿ ನೋಡುತ್ತಿದ್ದರು! ಯಾವ ಮೇಜು ಒರೆಸಿಲ್ಲ, ಯಾವ ಹುಡುಗ ಸುಮ್ಮನೆ ನಿಂತಿದ್ದಾನೆ ಎಂದು ಹಾಸಿಗೆಯಿಂದಲೇ ಫೋನ್. ಅದು ವಿಶ್ರಾಂತಿಯಲ್ಲ, ಮಲಗಿಕೊಂಡು ಮಾಡುವ ಕೆಲಸ. ಬಿಡುವಿನ ವೇಳೆ ಮನಸ್ಸು ಕೆಲಸದಿಂದ ಕಳಚಿಕೊಂಡರೆ ಮಾತ್ರ ದಣಿವು ಇಳಿಯುತ್ತದೆ ಎಂಬುದು ಜರ್ಮನಿಯ ಮನೋವಿಜ್ಞಾನಿ ಸಬೀನೆ ಸೊನೆಂಟಾಗ್ ಅವರ ವರ್ಷಾನುಗಟ್ಟಲೆ ಸಂಶೋಧನೆಯ ತಿರುಳು. ಮೈ ಹಾಸಿಗೆಯ ಮೇಲಿದ್ದು ಮನಸ್ಸು ಗಲ್ಲಾದಲ್ಲಿದ್ದರೆ ಎರಡು ಗಂಟೆ ಮಲಗಿದರೂ ಅಷ್ಟೇ, ನಾಲ್ಕು ಗಂಟೆ ಮಲಗಿದರೂ ಅಷ್ಟೇ.

ಈ ಹಿರಿಯರ ಮೇಲೆ ನನಗೆ ಬಹಳ ಪ್ರೀತಿ. ಹುಡುಗನಾಗಿ ಮುಂಬಯಿಗೆ ಬಂದು ಹಗಲು ಕಪ್ಪು ಬಸಿ ತೊಳೆದು, ಸಂಜೆ ಕೋಟೆ (ಫೋರ್ಟ್) ಪ್ರದೇಶದ ಕನ್ನಡ ರಾತ್ರಿ ಶಾಲೆಗೆ ಹೋದವರು. ಇವರಂಥವರ ದುಡಿಮೆಯಿಂದ ಇಲ್ಲಿಯ ಎಷ್ಟು ಕನ್ನಡ ಮನೆಗಳು ಮೇಲೆದ್ದಿವೆ! ಅಂದು ಸುಮ್ಮನೆ ಕುಳಿತವನನ್ನು ಯಜಮಾನರು ಬೈಯುತ್ತಿದ್ದರು. ಇಂದು ಹೋಟೆಲ್ ಇವರದೇ, ಬೈಯುವವರು ಯಾರೂ ಇಲ್ಲ. ಆದರೂ ಕೂರಲು ಹೆದರಿಕೆ. ಅದೇ ಹೆದರಿಕೆ ಕಚೇರಿಗೆ ಹೋಗುವ ಮಕ್ಕಳಿಗೂ ಇಳಿದು ಬಂದಿರುವುದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ.

ನಾನು ಎಲ್ಲರಿಗೂ ಮೆಗಾ ಬ್ಲಾಕ್ ನೆನಪಿಸುತ್ತೇನೆ. ಹಳಿ, ಸಿಗ್ನಲ್, ವಿದ್ಯುತ್ ತಂತಿಗಳ ದುರಸ್ತಿಗೆಂದು ಮುಂಬಯಿಯ ರೈಲ್ವೆ ಭಾನುವಾರ ಕೆಲವು ಗಂಟೆ ಹಳಿಯನ್ನೇ ಬಿಡಿಸಿಕೊಳ್ಳುತ್ತದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಮುಂಚೆಯೇ ಸಾರುತ್ತದೆ. ಆ ಹಳಿಯಲ್ಲಿ ಹೋಗುವ ಗಾಡಿಗಳನ್ನು ಬೇರೆ ಹಳಿಗೆ ತಿರುಗಿಸುತ್ತದೆ. ವಿಶ್ರಾಂತಿಗೂ ಹೀಗೆ ಆರಂಭ, ಕೊನೆ ಗೊತ್ತಿರಲಿ, ಮನೆಯವರಿಗೂ ಮೊದಲೇ ತಿಳಿದಿರಲಿ. ಉಳಿದ ಕೆಲಸವನ್ನು ಯಾವಾಗ, ಎಲ್ಲಿ ಕುಳಿತು ಮಾಡುತ್ತೇನೆ ಎಂದು ಮಲಗುವ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ. ಮುಗಿಯದ ಕೆಲಸ ತಲೆ ತಿನ್ನುವುದು ಅದು ಮುಗಿದಾಗಲೇ ನಿಲ್ಲಬೇಕೆಂದಿಲ್ಲ. ಅದಕ್ಕೊಂದು ಖಚಿತ ಯೋಜನೆ ಹಾಕಿದರೂ ಕಾಟ ಇಳಿಯುತ್ತದೆ ಎಂದು ಅಮೆರಿಕದ ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ತೋರಿಸಿದ್ದಾರೆ. "ನಾಳೆ ನೋಡೋಣ" ಎಂದು ಬರೆದರೆ ಸಾಲದು. "ಸೋಮವಾರ ರಾತ್ರಿ ಊಟವಾದ ಮೇಲೆ, ತೆರಿಗೆಯ ಕಾಗದ" ಎಂದು ಬರೆಯಬೇಕು.

ಇದನ್ನೆಲ್ಲ ಮಾಡಿದರೂ ಮೊದಲ ಕೆಲವು ವಾರ ಅಳುಕು ಬಂದೇ ಬರುತ್ತದೆ. ಬರಲಿ. ಅದು ಹೋದ ಮೇಲೆ ಮಲಗುತ್ತೇನೆ ಎಂದು ಕಾಯಬೇಡಿ, ಅದು ಇರುವಾಗಲೇ ಮಲಗಿ. ಹೋಟೆಲಿನ ಹಿರಿಯರು ಸಿಸಿಟಿವಿ ಆ್ಯಪ್ ಅನ್ನು ಮೊಬೈಲ್‌ನಿಂದ ತೆಗೆದರು. ತುರ್ತು ಇದ್ದರೆ ಅಳಿಯನೇ ಫೋನ್ ಮಾಡಬೇಕೆಂದು ಗೊತ್ತುಮಾಡಿಕೊಂಡರು. ಮೊದಮೊದಲು ಚಡಪಡಿಕೆ ಹೆಚ್ಚೇ ಆಯಿತು. ನಿದ್ದೆ ಹತ್ತಿದ್ದು ಆಮೇಲೆ.

ಎಲ್ಲ ದಣಿವೂ ಇದೇ ಬಗೆಯದಲ್ಲ. ಚೆನ್ನಾಗಿ ನಿದ್ದೆ ಮಾಡಿದರೂ ಸುಸ್ತು ಉಳಿದರೆ ಮೊದಲು ವೈದ್ಯರನ್ನು ಕಂಡು ರಕ್ತಹೀನತೆ, ಥೈರಾಯ್ಡ್ ಪರೀಕ್ಷಿಸಿಕೊಳ್ಳಿ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದೆ ಮನಸ್ಸು ಕುಗ್ಗಿದ್ದರೆ ಅದು ಖಿನ್ನತೆಯಿರಬಹುದು, ಅಂಕಣ ಓದಿ ವಾಸಿಯಾಗುವಂಥದ್ದಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ಮಾತನಾಡಬಹುದು.

ಮನೆಯ ಹಿರಿಯರಲ್ಲೂ ಒಂದು ಕೇಳಿಕೆ. ಸೊಸೆ ಮಧ್ಯಾಹ್ನ ಮಲಗಿದ್ದಾಗ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗುವ ಮನೆಗಳಿಂದ ನನ್ನಲ್ಲಿಗೆ ಬರುವವರು ಕಡಿಮೆಯೇನಿಲ್ಲ. ಅಂಥ ಮನೆಯಲ್ಲಿ ಚೀಟಿ ಬರೆದಿಟ್ಟು ಪ್ರಯೋಜನವಿಲ್ಲ. ಅವಳು ಏಳುವವರೆಗೆ ಪಾತ್ರೆ ಸಿಂಕಿನಲ್ಲೇ ಇರಲಿ, ಇಲ್ಲವಾದರೆ ಮಗನನ್ನು ಕರೆಯಿರಿ.