ಕೂಲರ್ ಬಂದ್ ಮಾಡ್ರಿ, ಮಗುವಿನ ಉಸಿರು ಕೇಳಬೇಕು

ಮೇ ತಿಂಗಳ ಮಧ್ಯಾಹ್ನ. ಲಿಂಗಸುಗೂರು ಕಡೆಯ ಒಂದು ಹಳ್ಳಿಯಿಂದ ವಿಡಿಯೋ ಕಾಲ್. ಎರಡು ವರ್ಷದ ಮಗು, ನಾಲ್ಕು ದಿನದಿಂದ ಕೆಮ್ಮು. ಪರದೆ ಮೇಲೆ ನೋಡಿದರೆ ಅಷ್ಟೇನೂ ಸುಸ್ತಾಗಿರಲಿಲ್ಲ. ತಾಯಿ ಮಾತ್ರ "ಎದ್ಯಾಗ ಸಿಳ್ಳಿ ಹೊಡ್ದಂಗ ಆಗ್ತೈತ್ರೀ ಸರ" ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ನನಗೆ ಯಾವ ಸಿಳ್ಳೆಯೂ ಕೇಳಿಸಲಿಲ್ಲ. ಅವರು ಮಾತಾಡಿದರೆ ಸ್ಪಷ್ಟ, ಸುಮ್ಮನಾದರೆ ಲೈನ್ ಕಡಿದುಹೋದಂತೆ ನಿಶ್ಶಬ್ದ.

ರಾಯಚೂರಿನಲ್ಲಿ ಕಿವಿ, ಮೂಗು, ಗಂಟಲು ನೋಡುವ ಡಾಕ್ಟರ್ ನಾನು. ಆ ನಿಶ್ಶಬ್ದವೇ ನನಗೆ ಅನುಮಾನ ತಂದಿತು. ಅವರ ಹಿಂದೆ ಕೂಲರ್ ತಿರುಗುತ್ತಿರುವುದು ಕಾಣುತ್ತಿತ್ತು. ಕೂಲರ್ ಇರುವ ಕೋಣೆ ಅಷ್ಟು ಶಾಂತವಾಗಿ ಇರುತ್ತದಾ? ಅಂದರೆ ಫೋನು ಕೂಲರ್ ಸದ್ದನ್ನು ನುಂಗುತ್ತಿದೆ, ಜೊತೆಗೆ ಮಗುವಿನ ಉಸಿರನ್ನೂ.

ವಿಡಿಯೋ ಕಾಲ್ ಆ್ಯಪ್‌ಗಳಿಗೆ ಬೇಕಾದ್ದು ಮಾತು. ಒಂದೇ ಸಮನೆ ಬರುವ ಫ್ಯಾನ್ ಸದ್ದು, ರಸ್ತೆ ಸದ್ದು ಅವಕ್ಕೆ ಕಸ. ಉಸಿರಾಟದ ಸದ್ದು ಹೆಚ್ಚುಕಡಿಮೆ ಫ್ಯಾನ್ ಗಾಳಿಯಂತೆಯೇ ಇರುತ್ತದೆ. ಎದೆಯ ಸಣ್ಣ ಸಿಳ್ಳೆಯಂತೂ ಮಾತೇ ಅಲ್ಲ. ಎಲ್ಲವನ್ನೂ ಒಟ್ಟಿಗೆ ಗುಡಿಸಿ ಹಾಕುತ್ತವೆ. ಆಫೀಸಿನ ಮೀಟಿಂಗಿಗೆ ಇದು ವರ. ನನಗೆ ಮಾತ್ರ ಆ ಕಸದಲ್ಲೇ ರೋಗ ಸಿಗಬೇಕು.

"ಕೂಲರ್ ಬಂದ್ ಮಾಡ್ರಿ. ಕಾಲ್ ಕಟ್ ಮಾಡಿ, ಅಂಗಿ ಬಿಚ್ಚಿ, ಕ್ಯಾಮೆರಾದಾಗ ಅರ್ಧ ನಿಮಿಷ ವಿಡಿಯೋ ಮಾಡ್ರಿ. ಫೋನ್ ಬಾಯಿಗೆ ಒಂದು ಗೇಣು ದೂರ ಇರ್ಲಿ" ಅಂದೆ. ಕ್ಯಾಮೆರಾದ ರೆಕಾರ್ಡಿಂಗ್‌ನಲ್ಲಿ ಈ ಗುಡಿಸುವ ಕೆಲಸ ಸಾಮಾನ್ಯವಾಗಿ ಕಮ್ಮಿ. ವಿಡಿಯೋ ಬಂತು. ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಉಸಿರು ಬಿಡುವಾಗ ಸಣ್ಣಗೆ ಸಿಳ್ಳೆ. ತಾಯಿ ಹೇಳಿದ್ದು ನಿಜ.

ತಿರುಗಿ ಕಾಲ್ ಮಾಡಿ, ಕೆಮ್ಮು ಶುರುವಾದ ದಿನ ಏನಾಯಿತು ಅಂತ ಕೇಳಿದೆ. ಬಿತ್ತನೆಗೆ ಶೇಂಗಾ ಒಡೆಯುತ್ತಿದ್ದರಂತೆ. ಮಗು ಬಾಯಿಗೆ ಹಾಕಿಕೊಂಡು ಜೋರಾಗಿ ಕೆಮ್ಮಿತ್ತಂತೆ, ಆಮೇಲೆ ತಾನೇ ಸರಿಹೋಯಿತಂತೆ. ಸರಿಹೋಗಿರಲಿಲ್ಲ. ಅವತ್ತೇ ಕರೆಸಿದೆವು. ಉಸಿರುನಾಳದ ಒಳಗೆ ನೋಡುವ ದೂರ್ಬೀನು ಹಾಕಿ ಬಲಗಡೆ ಶ್ವಾಸನಾಳದಿಂದ ಅರ್ಧ ಶೇಂಗಾ ಕಾಳು ತೆಗೆದರು. ಈ ವಯಸ್ಸಿನ ಮಕ್ಕಳ ಉಸಿರುನಾಳದಲ್ಲಿ ನಮ್ಮ ಕಡೆ ಜಾಸ್ತಿ ಸಿಗುವುದು ಅದೇ.

ಅಂದಿನಿಂದ ಪೋಷಕರಿಗೆ ಮೊದಲು ಒಂದು ಪ್ರಶ್ನೆ ಹಾಕುತ್ತೇನೆ: ಸದ್ದು ಉಸಿರು ಒಳಗೆ ಎಳೆದಾಗಲೋ, ಹೊರಗೆ ಬಿಟ್ಟಾಗಲೋ? ಬಿಟ್ಟಾಗ ಬಂದರೆ ತೊಂದರೆ ಸಾಮಾನ್ಯವಾಗಿ ಎದೆಯ ಒಳಗೆ. ಎಳೆದಾಗ ಗೊರಗೊರ ಅಂದರೆ ಗಂಟಲಿನ ಆಸುಪಾಸು. ಅಂಥ ಮಗುವನ್ನು ವಿಡಿಯೋ ಮಾಡುತ್ತಾ ಕೂರಬೇಡಿ, ಎತ್ತಿಕೊಂಡು ದವಾಖಾನೆಗೆ ಹೊರಡಿ.

ಕೆಲವರು ಫೋನನ್ನೇ ಎದೆಗೆ ಒತ್ತಿ "ಹಾರ್ಟ್ ಕೇಳ್ರಿ" ಅನ್ನುತ್ತಾರೆ. ಕೇಳುವುದಿಲ್ಲ. ಹಳೆ ಫೋನ್ ಲೈನು 300ರಿಂದ 3,400 ಹರ್ಟ್ಜ್ (ಸದ್ದಿನ ಅಳತೆ; ಅಂಕಿ ಕಮ್ಮಿಯಾದಷ್ಟು ಸದ್ದು ದಪ್ಪ) ಒಳಗಿನ ಸದ್ದನ್ನಷ್ಟೇ ಸಾಗಿಸುತ್ತಿತ್ತು. ಎದೆಬಡಿತದ ಲಬ್-ಡಬ್ ಹೆಚ್ಚಾಗಿ 200ಕ್ಕಿಂತ ಕೆಳಗೇ ಇರುತ್ತದೆ. ಈಗಿನ ಆ್ಯಪ್‌ಗಳು ಸ್ವಲ್ಪ ಉತ್ತಮ, ಆದರೂ ಅವು ಮಾತಿಗೇ ಕಟ್ಟಿದವು. ಅದಕ್ಕೆಂದೇ ಡಿಜಿಟಲ್ ಸ್ಟೆತೊಸ್ಕೋಪ್ ಇದೆ. ಹಳ್ಳಿ ಆರೋಗ್ಯ ಕೇಂದ್ರದಲ್ಲಿ ಸಿಸ್ಟರ್ ಎದೆ ಮೇಲೆ ಇಟ್ಟರೆ ಇಲ್ಲಿ ಕೂತು ಕೇಳಬಹುದು. 1816ರಲ್ಲಿ ಪ್ಯಾರಿಸ್‌ನ ಡಾಕ್ಟರ್ ಲೆನೆಕ್ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ್ದ. ಆ ಕಾಗದದ ಕೊಳವೆ ಈಗ ಅರವತ್ತು ಎಪ್ಪತ್ತು ಕಿಲೋಮೀಟರ್ ಉದ್ದ ಆಗಿದೆ ಅಂದುಕೊಳ್ಳಿ.

ಇನ್ನು ಮನೆಯ ಮಾತು. ಒಬ್ಬ ಅಜ್ಜಿ ಇಲ್ಲಿ ಒಬ್ಬರೇ, ಮಗ ಬೆಂಗಳೂರಿನಲ್ಲಿ. ಮಗ ಒಂದು ಸ್ಮಾರ್ಟ್ ಸ್ಪೀಕರ್ (ಹೇಳಿದ ಮಾತು ಕೇಳಿ ಕೆಲಸ ಮಾಡುವ ಸ್ಪೀಕರ್) ತಂದು ಫ್ರಿಜ್ ಮೇಲೆ ಇಟ್ಟು ಹೋಗಿದ್ದ, ಬಿಪಿ ಗುಳಿಗೆ ನೆನಪಿಸಲಿ ಅಂತ. "ಅದು ಕೂಗಂಗಿಲ್ರೀ, ಕೆಟ್ಟೈತಿ" ಅಂದರು ಅಜ್ಜಿ. ಕೆಟ್ಟಿರಲಿಲ್ಲ. ಅದು ಹೊಡೆಯುತ್ತಿದ್ದದ್ದು ಕೀರಲು ಬೀಪ್. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಅಂಥ ಕೀರಲು ಸದ್ದನ್ನೇ. ಬೆಂಕಿ ಎಚ್ಚರಿಕೆ ಗಂಟೆಗಳಲ್ಲೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸುಮಾರು 3,000 ಹರ್ಟ್ಜ್‌ನ ಕೀರಲಿಗಿಂತ 520 ಹರ್ಟ್ಜ್‌ನ ದಪ್ಪ ಸದ್ದಿಗೆ ವಯಸ್ಸಾದವರು ನಿದ್ದೆಯಿಂದ ಬೇಗ ಏಳುತ್ತಾರೆ. ಬೀಪ್ ತೆಗೆದು ಮಗನ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿಸಿದೆವು: "ಯವ್ವಾ, ಗುಳಿಗಿ ತಗೊಂಡಿಯೇನು?" ಈಗ ಕೇಳಿಸುತ್ತದೆ. ಕೆಲವೊಮ್ಮೆ ಬೈಯುತ್ತಾರಂತೆ, ಅದು ಬೇರೆ.

ಫ್ರಿಜ್ ಮೇಲಿಂದಲೂ ಇಳಿಸಿದೆವು. ಕಂಪ್ರೆಸರ್ ಗುಂಯ್ ಅನ್ನುವಾಗ ಅಜ್ಜಿಯ ಸಣ್ಣ ದನಿ ಅದಕ್ಕೆ ಕೇಳುತ್ತಿರಲಿಲ್ಲ. ಮುದುಕರು ಬೀಳುವುದು ಜಾಸ್ತಿ ಬಚ್ಚಲಲ್ಲಿ, ಅಲ್ವಾ? ಬಚ್ಚಲ ಹಾದಿಯಲ್ಲಿ ತಗ್ಗಿನ ಗೂಡಿನಲ್ಲಿ ಇಡಿ. ನೆಲದ ಮೇಲೆ ಮಲಗಿ ಕೂಗಿ ನೋಡಿ, ಕೇಳಿಸಿಕೊಳ್ಳುತ್ತಾ ಅಂತ. ಅಜ್ಜಿ "ಲೈಟ್ ಹಚ್ಚು" ಅಂದರೆ ಅದಕ್ಕೆ ತಿಳಿಯಲಿಲ್ಲ. ಹಿಂದಿ ತಿಳಿಯುತ್ತಿತ್ತು, ಹಾಗಾಗಿ ಎರಡು ಮೂರು ಹಿಂದಿ ಮಾತು ಕಲಿಸಬೇಕಾಯಿತು. 108ಕ್ಕೆ ಇದು ತಾನೇ ಕರೆ ಮಾಡುತ್ತದೆ ಅಂತ ನಂಬಬೇಡಿ. ಪಕ್ಕದ ಮನೆಯವರ ನಂಬರ್ ಹಾಕಿಡಿ. ಡಾಕ್ಟರ್ ಜೊತೆ ಮಾತಾಡುವಾಗ ಸ್ಪೀಕರಿನ ಮೈಕನ್ನು ಬಟನ್ ಒತ್ತಿ ಬಂದ್ ಮಾಡಿ.

ಕರೆಂಟ್ ಹೋದರೆ ಸ್ಪೀಕರ್ ಮೂಕ. ಸ್ಪೀಕರ್‌ಗೆ ಇನ್ವರ್ಟರ್ ಲೈನ್ ಕೊಟ್ಟು ವೈಫೈ ರೂಟರ್ ಮರೆತವರ ಮನೆ ನಾನೇ ಮೂರು ನೋಡಿದ್ದೇನೆ. ಅದರಲ್ಲಿ ಒಂದು ನನ್ನದೇ.