ತೊಗರಿಗೆ ಹೋಳಿ ಹುಣ್ಣಿಮೆಯೊಳಗೇ ನುಸಿ ಹತ್ತುವುದು ಏಕೆ?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕು. ರಾಶಿ ಆದ ಕೂಡಲೇ ಮನೆ ಖರ್ಚಿಗೆಂದು ಮುಕ್ಕಾಲು ಕ್ವಿಂಟಲ್ ತೊಗರಿ ತೆಗೆದಿಡುತ್ತೇವೆ. ಒಣಗಿಸಿ, ಬೇವಿನ ಸೊಪ್ಪು ಹಾಕಿ ಡ್ರಮ್ಮಿಗೆ ತುಂಬಿದರೂ ಹೋಳಿ ಹುಣ್ಣಿಮೆ ಹೊತ್ತಿಗೆ ಕಾಳಿನ ತುಂಬ ತೂತು. ಅತ್ತೆಯವರ ಕಾಲದಲ್ಲಿ ವರ್ಷವಿಡೀ ಮನೆಯ ಬೇಳೆಯೇ ಸಾಕಾಗುತ್ತಿತ್ತಂತೆ. ನಾವು ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಅತ್ತೆಯವರು ಇಡುತ್ತಿದ್ದುದು ಬೇಳೆ, ನೀವು ಇಡುತ್ತಿರುವುದು ಕಾಳು. ನುಸಿಗೆ ಬೇಕಾದದ್ದು ಇಡೀ ಕಾಳು.

ಈ ನುಸಿ ಎಂದರೆ ಒಂದು ಸಣ್ಣ ದುಂಬಿ. ಅದು ಡ್ರಮ್ಮಿನಲ್ಲಿ ಹುಟ್ಟುವುದಿಲ್ಲ, ಹೊಲದಿಂದಲೇ ಬರುತ್ತದೆ. ಡಿಸೆಂಬರಿನಲ್ಲಿ ಕಾಯಿ ಒಣಗಿ ನಿಂತಾಗಲೇ ಹೆಣ್ಣು ದುಂಬಿ ಅದರ ಮೇಲೆ ತತ್ತಿ ಇಡುತ್ತದೆ. ರಾಶಿಯಾದ ಮೇಲೆ ನೇರ ಕಾಳಿಗೇ ಅಂಟಿಸುತ್ತದೆ. ಒಂದು ಹಿಡಿ ಕಾಳನ್ನು ಬಿಸಿಲಿಗೆ ಹಿಡಿದು ನೋಡಿ: ನಯವಾದ ಸಿಪ್ಪೆಯ ಮೇಲೆ ಸುಣ್ಣ ಸಿಡಿದಂಥ ಬಿಳಿ ಚುಕ್ಕೆ ಕಂಡರೆ ಅದೇ ತತ್ತಿ. ಮರಿ ಅಲ್ಲಿಂದಲೇ ಒಳಗೆ ಕೊರೆದು, ತಿಂದು ಬೆಳೆದು, ದುಂಡನೆ ತೂತು ಮಾಡಿ ದುಂಬಿಯಾಗಿ ಹೊರಬರುತ್ತದೆ. ಇಷ್ಟಕ್ಕೆ ನಮ್ಮ ಹವೆಯಲ್ಲಿ ಸುಮಾರು ಒಂದು ತಿಂಗಳು ಸಾಕು. ಒಂದು ಹೆಣ್ಣು ನೂರರ ಹತ್ತಿರ ತತ್ತಿ ಇಡಬಲ್ಲದು. ಜನವರಿಯಲ್ಲಿ ಕಣ್ಣಿಗೆ ಬೀಳದ ನಾಲ್ಕಾರು ತತ್ತಿ ಮಾರ್ಚ್ ಹೊತ್ತಿಗೆ ಡ್ರಮ್ಮಿನ ತುಂಬ ಆಗುವ ಲೆಕ್ಕ ಇದು. ಬೇವಿನ ಸೊಪ್ಪು ಹೊರಗಿನ ಹುಳವನ್ನು ಅಷ್ಟಿಷ್ಟು ದೂರ ಇಟ್ಟೀತು, ಕಾಳಿನೊಳಗೆ ಕೂತ ಮರಿಗೆ ಅದು ಮುಟ್ಟುವುದೇ ಇಲ್ಲ. ಹಸಿ ಸೊಪ್ಪಾದರಂತೂ ಒಳಗೆ ಪಸೆಯನ್ನೂ ತಂದು ಹಾಕುತ್ತದೆ.

ಕಾಳು ಒಡೆದರೆ ಒಳಗಿನ ಮರಿ ಬಯಲಾಗುತ್ತದೆ, ಸಿಪ್ಪೆಯ ಜೊತೆ ತತ್ತಿಯೂ ಹೋಗುತ್ತದೆ. ಹಾಗಾಗಿ ಎಳ್ಳಮಾವಾಸ್ಯೆ ಮುಗಿದು ರಾಶಿಯಾದ ಮೂರು ವಾರದೊಳಗೆ ಬೇಳೆ ಮಾಡಿಬಿಡಿ. ಮುಕ್ಕಾಲು ಕ್ವಿಂಟಲ್ ಕಾಳಿಗೆ 50 ಕಿಲೋ ಆಚೀಚೆ ಬೇಳೆ ಬರುತ್ತದೆ, ತಿಂಗಳಿಗೆ 4 ಕಿಲೋ ಬೇಯಿಸುವ ಮನೆಗೆ ವರ್ಷಕ್ಕೆ ಸಾಕು.

ಮೊದಲು ಕೇರಿ ಹಸನು ಮಾಡಿ, ಜರಡಿ ಹಿಡಿದು ದಪ್ಪ ಕಾಳು, ಸಣ್ಣ ಕಾಳು ಬೇರೆ ಮಾಡಿ. ಎರಡೂ ಕೂಡಿದ್ದರೆ ಬೀಸುವಾಗ ದಪ್ಪದ್ದು ನುಚ್ಚಾಗುತ್ತದೆ, ಸಣ್ಣದ್ದು ಹಾಗೇ ಉರುಳಿ ಬರುತ್ತದೆ. ಆಮೇಲೆ ಎರಡು ದಾರಿ ಇವೆ.

ಕೆಮ್ಮಣ್ಣಿನ ದಾರಿ: 10 ಕಿಲೋ ಕಾಳನ್ನು 6 ಗಂಟೆ ನೆನೆಹಾಕಿ. ಇಡೀ ರಾತ್ರಿ ಬಿಟ್ಟರೆ ಹುಳಿ ವಾಸನೆ ಬರುತ್ತದೆ, ಮೊಳಕೆಯೂ ಎಳೆಯುತ್ತದೆ. ನೀರು ಬಸಿದು, ಸಣ್ಣಗೆ ಜರಡಿ ಹಿಡಿದ 200ರಿಂದ 300 ಗ್ರಾಂ ಕೆಮ್ಮಣ್ಣನ್ನು ನೀರಲ್ಲಿ ಕಲಸಿ ಕಾಳಿಗೆ ಸವರಿ. ಗುಡ್ಡೆ ಮಾಡಿ, ಗೋಣಿ ಚೀಲ ಮುಚ್ಚಿ ರಾತ್ರಿಯಿಡೀ ಬಿಡಿ. ಮರುದಿನ ತೆಳ್ಳಗೆ ಹರವಿ ಮೂರು ದಿನ ಒಣಗಿಸಿ, ಗಂಟೆಗೊಮ್ಮೆ ಕೈಯಾಡಿಸಿ. ನೆನೆದು ಉಬ್ಬಿದ ಬೇಳೆ ಒಣಗುತ್ತ ಕುಗ್ಗುತ್ತದೆ, ಸಿಪ್ಪೆ ಅಷ್ಟು ಕುಗ್ಗುವುದಿಲ್ಲ. ನಡುವೆ ಸಂದು ಬಿದ್ದು ಸಿಪ್ಪೆ ಸುಕ್ಕಾಗುತ್ತದೆ. ಎರಡು ಅಂಗೈ ನಡುವೆ ತಿಕ್ಕಿದರೆ ಸಿಪ್ಪೆ ಬಿಚ್ಚಿಕೊಂಡರೆ ಹದ ಬಂತು. ಮಣ್ಣು ಜರಡಿ ಹಿಡಿದು ಬೀಸಿ. ಹೊಲದ ಎರೆಮಣ್ಣು ಮಾತ್ರ ಬೇಡ. ಅದು ಅಂಟಿಕೊಂಡು ಗಟ್ಟಿಯಾಗುತ್ತದೆ, ಕಾಳಿನಿಂದ ಬಿಡಿಸುವುದೇ ಒಂದು ಕೆಲಸ. ಬೀದರ್ ಕಡೆ ನೆಂಟರಿದ್ದರೆ ಕೆಮ್ಮಣ್ಣಿಗೆ ಬರವಿಲ್ಲ.

ಎಣ್ಣೆಯ ದಾರಿ: ಬೀಸುಕಲ್ಲನ್ನು ಸಡಿಲ ಇಟ್ಟು ಕಾಳನ್ನು ಒಮ್ಮೆ ಹಾಯಿಸಿ, ಒಡೆಯಬಾರದು, ಸಿಪ್ಪೆಗೆ ಗೀರು ಬಿದ್ದರೆ ಸಾಕು. ಗೀರಿಲ್ಲದ ಸಿಪ್ಪೆಯೊಳಕ್ಕೆ ಎಣ್ಣೆ ಇಳಿಯುವುದಿಲ್ಲ. 10 ಕಿಲೋಗೆ 100 ಮಿಲಿ ಕುಸುಬಿ ಅಥವಾ ಅಗಸಿ ಎಣ್ಣೆ ಸವರಿ ಎರಡು ಮೂರು ದಿನ ಬಿಸಿಲಿಗೆ ಹಾಕಿ, ಸಂಜೆ ಗುಡ್ಡೆ ಮಾಡಿ ಮುಚ್ಚಿಡಿ. ಕೊನೆಯ ಸಂಜೆ 250 ಮಿಲಿ ನೀರು ಚಿಮುಕಿಸಿ ಕಲಸಿ ಗುಡ್ಡೆ ಹಾಕಿ, ಮರುದಿನ ಒಣಗಿಸಿ ಬೀಸಿ.

ಎರಡರಲ್ಲಿ ಯಾವುದು? ಕೆಮ್ಮಣ್ಣಿನದ್ದು ಸುಲಭವಾಗಿ ಒಡೆಯುತ್ತದೆ, ಸಿಪ್ಪೆ ಪೂರಾ ಹೋಗುತ್ತದೆ, ಆದರೆ ಬೇಯಲು ತಡ. ಎಣ್ಣೆಯದ್ದು ಬೇಗ ಬೇಯುತ್ತದೆ, ನುಚ್ಚು ಸ್ವಲ್ಪ ಹೆಚ್ಚು. ದಿನದ ಬೇಳೆಗೆ ಎಣ್ಣೆಯ ದಾರಿಯೇ ಮೇಲು ಎನ್ನುವುದು ನಮ್ಮ ಅಭಿಪ್ರಾಯ, ಸಿಲಿಂಡರಿನ ಖರ್ಚು ಲೆಕ್ಕ ಹಾಕಿದರಂತೂ.

ಬೀಸುಕಲ್ಲಿಗೆ ಒಂದು ಉಪಾಯವಿದೆ. ಹಿಟ್ಟಿಗೆ ಹೊಂದಿಸಿದ ಕಲ್ಲಿನಲ್ಲಿ ತೊಗರಿ ಹಾಕಿದರೆ ಅರ್ಧ ಪುಡಿಯಾಗುತ್ತದೆ. ನಡುವಿನ ಗೂಟಕ್ಕೆ ಬಟ್ಟೆಯ ಸಣ್ಣ ಸಿಂಬಿ ಸುತ್ತಿ ಮೇಲ್ಗಲ್ಲು ಕೂರಿಸಿ, ಅದು ಕೂದಲೆಳೆಯಷ್ಟು ಎತ್ತರವಾಗುತ್ತದೆ. ಒಂದು ಹಿಡಿ ಹಾಕಿ ನಿಧಾನ ತಿರುಗಿಸಿ. ಬೇಳೆಯ ಅಂಚು ಚೂಪಾಗಿ ಉಳಿದಿದ್ದರೆ ಸರಿ. ಅಂಚು ಸವೆದು ಹಳದಿ ಹಿಟ್ಟು ಉದುರುತ್ತಿದ್ದರೆ ಸಿಂಬಿ ದಪ್ಪ ಮಾಡಿ. ಒಡೆಯದ ಕಾಳನ್ನು ಜರಡಿಯಲ್ಲಿ ತೆಗೆದು ಇನ್ನೊಮ್ಮೆ ಹಾಕಿ, ಎಲ್ಲವನ್ನೂ ಒಂದೇ ಸಲಕ್ಕೆ ಒಡೆಯಲು ಹೋದರೆ ನುಚ್ಚೇ ಹೆಚ್ಚು. 10 ಕಿಲೋಗೆ ಆರೂವರೆಯಿಂದ ಏಳೂವರೆ ಕಿಲೋ ಬೇಳೆ ಬಂದರೆ ಚೆನ್ನಾಗಿ ಮಾಡಿದ್ದೀರಿ ಎಂದೇ ಅರ್ಥ. ಹೊಟ್ಟು ದನಕ್ಕೆ. ಬೀಸುವ ತ್ರಾಣ ಇಲ್ಲದವರು ಹದ ಮಾಡಿದ ಕಾಳನ್ನು ಸಣ್ಣ ಬೇಳೆ ಗಿರಣಿಗೆ ಒಯ್ಯಬಹುದು. ಹದ ಮನೆಯದ್ದೇ ಆದರೆ ರುಚಿ ಕೆಡುವುದಿಲ್ಲ.

ಇಡುವ ಕ್ರಮದಲ್ಲಿ ಎಲ್ಲರೂ ಎಡವುವುದು ಬಿಸಿ ಬೇಳೆಯನ್ನು ತುಂಬುವುದರಲ್ಲಿ. ಮಾಳಿಗೆಯಿಂದ ಇಳಿಸಿ ಹಾಗೇ ಡ್ರಮ್ಮಿಗೆ ಸುರಿದರೆ ರಾತ್ರಿ ಒಳಗೆ ಬೆವರು ಕಟ್ಟುತ್ತದೆ, ಮುಚ್ಚಳದ ಕೆಳಗಿನ ಬೇಳೆ ಗಂಟಾಗಿ ಬೂಷ್ಟು ಹಿಡಿಯುತ್ತದೆ. ನೆರಳಲ್ಲಿ ಒಂದು ರಾತ್ರಿ ಹರವಿಟ್ಟು, ಮುಟ್ಟಿದರೆ ತಣ್ಣಗಿದ್ದಾಗ ತುಂಬಿ. ಒಣಗಿದ್ದು ಸಾಕೇ ಎಂದು ತಿಳಿಯಲು ಹಲ್ಲೇ ಮಾಪು: ಕಟ್ಟೆಂದು ಮುರಿಯಬೇಕು, ಹಲ್ಲಿನ ಗುರುತು ಬಿದ್ದರೆ ಇನ್ನೊಂದು ಬಿಸಿಲು ಬೇಕು.

ಆಮೇಲೆ ಕಿಲೋಗೆ 5 ಮಿಲಿಯಂತೆ, ಅಂದರೆ ಒಂದು ಸಣ್ಣ ಚಮಚ, ಔಡಲ ಎಣ್ಣೆ (ಹರಳೆಣ್ಣೆ) ಅಂಗೈಗೆ ಹಚ್ಚಿಕೊಂಡು ಬೇಳೆಗೆ ತಿಕ್ಕಿ. ಎಣ್ಣೆ ತತ್ತಿಯ ಉಸಿರು ಕಟ್ಟಿಸುತ್ತದೆ, ದುಂಬಿಗೆ ತತ್ತಿ ಅಂಟಿಸಲೂ ಬಿಡುವುದಿಲ್ಲ. ಇಲ್ಲಿ ಕುಸುಬಿ ಎಣ್ಣೆ ಬೇಡ, ಬೇಸಿಗೆಯಲ್ಲಿ ಬೇಗ ಕಮಟಾಗುತ್ತದೆ. ಔಡಲ ತಡೆಯುತ್ತದೆ, ಬೇಯಿಸುವ ಮುಂಚೆ ಬಿಸಿನೀರಲ್ಲಿ ಎರಡು ಸಲ ತೊಳೆದರೆ ಹೋಗುತ್ತದೆ.

ಡ್ರಮ್ಮನ್ನು ಕಂಠದವರೆಗೆ ತುಂಬಿ. ಅರ್ಧ ಖಾಲಿ ಇದ್ದರೆ ಹುಳಕ್ಕೆ ಗಾಳಿ ಕೊಟ್ಟಂತೆ. ಒಂದು ದೊಡ್ಡ ಡ್ರಮ್ಮಿಗಿಂತ 10 ಕಿಲೋದ ಐದು ಡಬ್ಬಿ ಲೇಸು: ಒಂದೊಂದನ್ನೇ ತೆರೆಯಬಹುದು. ಶಹಾಬಾದ ಪರ್ಸಿ ಹಾಸಿದ ನೆಲದ ಮೇಲೆ ನೇರ ಇಡಬೇಡಿ, ಮಳೆಗಾಲದಲ್ಲಿ ಕಲ್ಲು ಬೆವರುತ್ತದೆ. ಹಲಗೆ ಹಾಕಿ, ಗೋಡೆಯಿಂದ ಗೇಣು ದೂರವಿಡಿ. ಮಳೆ ಹಿಡಿದ ದಿನ ದೊಡ್ಡ ಡಬ್ಬಿ ತೆರೆಯಲೇಬೇಡಿ.

ಇನ್ನು ಗುಳಿಗೆ. ಅಂಗಡಿಯಲ್ಲಿ ಕಾಳಿಗೆ ಹಾಕುವ ಗುಳಿಗೆ ಎಂದು ಸಿಗುವುದು ಅಲ್ಯೂಮಿನಿಯಂ ಫಾಸ್ಫೈಡ್ ಇರಬಹುದು. ಗಾಳಿಯ ಪಸೆ ತಾಕಿದರೆ ಅದರಿಂದ ಫಾಸ್ಫೀನ್ ಎಂಬ ವಿಷಗಾಳಿ ಹೊರಡುತ್ತದೆ, ಅದಕ್ಕೆ ಮದ್ದಿಲ್ಲ. ಗೋದಾಮಿನವರು ತಾಡಪತ್ರಿ ಮುಚ್ಚಿ, ಜನ ಮಲಗದ ಕಡೆ ಬಳಸುವ ವಸ್ತು ಅದು. ಮಲಗುವ ಮನೆಯಲ್ಲಿ ಒಂದೇ ಒಂದು ಗುಳಿಗೆಯೂ ಬೇಡ. ಬೋರಿಕ್ ಪುಡಿಯೂ ತಿನ್ನುವ ಬೇಳೆಗೆ ಬೇಡ.

ಈ ವರ್ಷದ್ದು ಆಗಲೇ ತೂತು ಬಿದ್ದಿದ್ದರೆ? ಹಿಡಿ ಕಾಳನ್ನು ನೀರಿಗೆ ಹಾಕಿ, ತೇಲಿದವು ಟೊಳ್ಳು. ಹತ್ತರಲ್ಲಿ ಒಂದೆರಡು ತೇಲಿದರೆ ಉಳಿಸಿಕೊಳ್ಳಬಹುದು. ಮಾಳಿಗೆ ಮೇಲೆ ಕರಿ ತಾಡಪತ್ರಿ ಹಾಸಿ, ಕಾಳನ್ನು ಎರಡು ಬೆರಳ ದಪ್ಪ ಹರವಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ ಅಂಚಿಗೆ ಕಲ್ಲಿಡಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಎರಡು ಮಧ್ಯಾಹ್ನ ಹೀಗೆ ಬೆಂದರೆ ಒಳಗಿನ ಮರಿಯೂ ಸಾಯುತ್ತದೆ. ಆರಿಸಿ, ಕೇರಿ, ತಡಮಾಡದೆ ಒಡೆದುಬಿಡಿ. ಅರ್ಧಕ್ಕರ್ಧ ತೇಲಿದರೆ, ಬೂಷ್ಟಿಲ್ಲದಿದ್ದಲ್ಲಿ, ದನಕ್ಕೆ ಹಾಕಿ.

ಕೊನೆಗೆ, ಇಷ್ಟೆಲ್ಲ ಮಾಡಿದ ಬೇಳೆ ಬೇಯಲಿಲ್ಲವೆಂದು ಬೇಳೆಯನ್ನೇ ಬೈಯಬೇಡಿ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿದೆ, ಆದರೆ ಅದನ್ನು ಬೇಯಿಸುವುದು ಹಲವು ಕಡೆ ಬೋರಿನ ಗಡಸು ನೀರಲ್ಲಿ. ಆ ನೀರಿನ ಕ್ಯಾಲ್ಸಿಯಂ ಬೇಳೆ ಮೆತ್ತಗಾಗದಂತೆ ತಡೆಯುತ್ತದೆ. ಅರ್ಧ ಗಂಟೆ ನೆನೆಸಿ, ಸಿಹಿನೀರಲ್ಲಿ ಬೇಯಿಸಿ, ಹುಣಸೆಹುಳಿಯನ್ನು ಬೇಳೆ ಬೆಂದ ಮೇಲೆಯೇ ಹಾಕಿ.