ಪದ ಪರಿಚಯ: ಸಿಎಸ್‌ಎಫ್ ಬಯೋಮಾರ್ಕರ್

"ಬೆನ್ನಿನಿಂದ ನೀರು ತೆಗೆದು ಟೆಸ್ಟ್ ಮಾಡಬೇಕು" ಎಂದು ಡಾಕ್ಟರ್ ಹೇಳಿದ ಕೂಡಲೇ ಮನೆಯವರ ಎದೆ ಧಸಕ್ ಎನ್ನುತ್ತದೆ. ಮರೆವಿನ ತೊಂದರೆ ತಲೆಯದು, ಸೂಜಿ ಯಾಕೆ ಬೆನ್ನಿಗೆ? ಕೇಳಲೇಬೇಕಾದ ಪ್ರಶ್ನೆ ಇದು.

ನಮ್ಮ ಮಿದುಳು ತಿಳಿನೀರಿನಂಥ ದ್ರವದಲ್ಲಿ ತೇಲಿಕೊಂಡಿರುತ್ತದೆ. ಅದೇ ದ್ರವ ಬೆನ್ನುಹುರಿಯ ಸುತ್ತಲೂ ಇರುತ್ತದೆ. ಹೆಸರು ಮಿದುಳು-ಬೆನ್ನುಹುರಿ ದ್ರವ. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಸಿಎಸ್‌ಎಫ್. ದೊಡ್ಡವರಲ್ಲಿ ಸುಮಾರು 150 ಮಿಲಿ ಇರುತ್ತದೆ, ದಿನಕ್ಕೆ ಸುಮಾರು 500 ಮಿಲಿ ಹೊಸದಾಗಿ ತಯಾರಾಗುತ್ತದೆ. ಪರೀಕ್ಷೆಗೆ 10 ಮಿಲಿ ತೆಗೆದರೂ ದೇಹ ಬೇಗ ತುಂಬಿಕೊಳ್ಳುತ್ತದೆ.

ಬಯೋಮಾರ್ಕರ್ ಅಂದರೆ ರೋಗ ದೇಹದಲ್ಲಿ ಬಿಟ್ಟುಹೋಗುವ, ಅಳೆಯಬಹುದಾದ ಗುರುತು. ಮರೆವು ತರುವ ಆಲ್‌ಝೈಮರ್ ಕಾಯಿಲೆಯಲ್ಲಿ ಮುಖ್ಯವಾಗಿ ನೋಡುವುದು ಎರಡು ಪ್ರೋಟೀನುಗಳನ್ನು: ಅಮಿಲಾಯ್ಡ್ ಬೀಟಾ 42 ಮತ್ತು ಟೌ. ನರಕೋಶಗಳು ಹಾಳಾಗುತ್ತಾ ಹೋದಂತೆ ದ್ರವದಲ್ಲಿ ಟೌ ಜಾಸ್ತಿಯಾಗುತ್ತದೆ. ಅಮಿಲಾಯ್ಡ್ ಮಾತ್ರ ಕಡಿಮೆಯಾಗುತ್ತದೆ. ವಿಚಿತ್ರ ಅನಿಸುತ್ತದೆ ಅಲ್ವಾ? ಅದು ಮಿದುಳಿನಲ್ಲೇ ಗಂಟುಗಂಟಾಗಿ ಅಂಟಿಕೊಂಡು ಕೂತಿರುತ್ತದೆ, ದ್ರವಕ್ಕೆ ಬರುವ ಪಾಲು ಇಳಿಯುತ್ತದೆ.

ನೀರು ತೆಗೆಯುವ ವಿಧಾನಕ್ಕೆ ಲಂಬಾರ್ ಪಂಕ್ಚರ್ ಎಂದು ಹೆಸರು. ಜರ್ಮನಿಯ ವೈದ್ಯ ಹೈನ್ರಿಚ್ ಕ್ವಿಂಕೆ 1891ರಲ್ಲಿ ಇದನ್ನು ಬಳಕೆಗೆ ತಂದರು. ಮಗ್ಗುಲಾಗಿ ಮಲಗಿಸಿ, ಮಂಡಿಯನ್ನು ಹೊಟ್ಟೆಯ ಕಡೆ ಮಡಚಿಸುತ್ತಾರೆ. ಚರ್ಮಕ್ಕೆ ಮರಗಟ್ಟುವ ಔಷಧಿ ಕೊಟ್ಟು, ಸೊಂಟದ ಭಾಗದ ಬೆನ್ನುಮೂಳೆಗಳ ನಡುವೆ ತೆಳು ಸೂಜಿ ಹಾಕುತ್ತಾರೆ. ಬೆನ್ನುಹುರಿಗೆ ಚುಚ್ಚಿ ಕಾಲು ಸ್ವಾಧೀನ ತಪ್ಪಿಬಿಟ್ಟರೆ ಎಂಬ ಭಯ ತುಂಬಾ ಜನರಿಗಿದೆ. ದೊಡ್ಡವರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಸೊಂಟದ ಒಂದು ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೂಜಿ ಹೋಗುವುದು ಮೂರನೆಯದರ ಕೆಳಗೆ. ಅಲ್ಲಿರುವುದು ದ್ರವದಲ್ಲಿ ತೇಲುವ ನರದ ಎಳೆಗಳು.

ಈಗ ನನಗೆ ತುಂಬಾ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ದ್ರವವನ್ನು ಹನಿಹನಿಯಾಗಿ ತಾನಾಗಿಯೇ ಟ್ಯೂಬಿಗೆ ಬೀಳಲು ಬಿಡುವುದು ಒಳ್ಳೆಯದು. ಮೊದಲ ಹನಿಗಳಲ್ಲಿ ಚುಚ್ಚಿದ ಜಾಗದ ರಕ್ತ ಬೆರೆತಿದ್ದರೆ ಅವನ್ನು ಬೇರೆ ಇಡುತ್ತಾರೆ. ಆಮೇಲೆ ಟ್ಯೂಬ್. ಅಮಿಲಾಯ್ಡ್ ಅಂಟುವ ಸ್ವಭಾವದ್ದು ಅಂದೆನಲ್ಲ, ಅದು ಟ್ಯೂಬಿನ ಗೋಡೆಗೂ ಅಂಟುತ್ತದೆ! ಗಾಜು ಅಥವಾ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಆದರೆ ಜಾಸ್ತಿ. ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಸುರಿದಾಗಲೆಲ್ಲ ಇನ್ನಷ್ಟು ಅಂಟಿ ಉಳಿಯುತ್ತದೆ. ಕೊನೆಗೆ ಯಂತ್ರಕ್ಕೆ ಸಿಗುವುದೇ ಕಡಿಮೆ, ರಿಪೋರ್ಟಿನಲ್ಲಿ ಬರುವುದೂ ಕಡಿಮೆ. ಕಡಿಮೆ ಅಂದರೆ ಕಾಯಿಲೆಯ ಗುರುತು! ತಪ್ಪು ಟ್ಯೂಬ್ ಬಳಸಿದ್ದಕ್ಕೆ ಒಬ್ಬರಿಗೆ ಇಲ್ಲದ ಕಾಯಿಲೆಯ ಅನುಮಾನ ಅಂಟಿಬಿಡಬಹುದು. ಅದಕ್ಕೇ ಪ್ರೋಟೀನ್ ಕಡಿಮೆ ಅಂಟುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಟ್ಯೂಬನ್ನೇ ಬಳಸಬೇಕು, ಸುಮ್ನೆ ಕೈಗೆ ಸಿಕ್ಕಿದ್ದನ್ನಲ್ಲ.

ಇದಕ್ಕೆ ಇನ್ನೊಂದು ಉಪಾಯವೂ ಇದೆ. ಅಮಿಲಾಯ್ಡ್ 42ರ ಜೊತೆ ಅದೇ ಪ್ರೋಟೀನಿನ ಇನ್ನೊಂದು ರೂಪವಾದ ಅಮಿಲಾಯ್ಡ್ 40 ಅನ್ನೂ ಅಳೆದು ಅನುಪಾತ ನೋಡುವುದು. ಎರಡೂ ಗೋಡೆಗೆ ಹೆಚ್ಚುಕಡಿಮೆ ಒಂದೇ ರೀತಿ ಅಂಟುವುದರಿಂದ ಅನುಪಾತ ಅಷ್ಟಾಗಿ ಕೆಡುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟ ಲುಮಿಪಲ್ಸ್ ಪರೀಕ್ಷೆ ಅಳೆಯುವುದೂ ಈ ಅನುಪಾತವನ್ನೇ.

ನೀರು ತೆಗೆದ ಮೇಲೆ ಕೆಲವರಿಗೆ ತಲೆನೋವು ಬರುತ್ತದೆ. ಎದ್ದು ಕೂತರೆ ಜಾಸ್ತಿ, ಮಲಗಿದರೆ ಕಡಿಮೆ. ತುದಿ ಪೆನ್ಸಿಲ್ಲಿನಂತಿರುವ ಸೂಜಿ ಬಳಸಿದರೆ ಈ ತೊಂದರೆ ಕಡಿಮೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ದಯವಿಟ್ಟು ಮರೆಯಬೇಡಿ.

ರಿಪೋರ್ಟ್ ಒಂದನ್ನೇ ಹಿಡಿದು ಕೂರುವಂತೆಯೂ ಇಲ್ಲ. ಅಮಿಲಾಯ್ಡ್ ಮರೆವು ಶುರುವಾಗುವ 15-20 ವರ್ಷ ಮೊದಲೇ ಸೇರತೊಡಗಬಹುದು. ಚೆನ್ನಾಗಿಯೇ ಇರುವವರಲ್ಲೂ ಗುರುತು ಸಿಗಬಹುದು. ಹಾಗಾಗಿ ನೆನಪಿನ ಪರೀಕ್ಷೆ, ಸ್ಕ್ಯಾನ್, ಮನೆಯವರು ಹೇಳುವ ಮಾತು ಎಲ್ಲವನ್ನೂ ಸೇರಿಸಿಯೇ ನೋಡುತ್ತಾರೆ.

ಈಗ ರಕ್ತದಲ್ಲೇ ಪಿ-ಟೌ 217 ಎಂಬ, ಟೌ ಪ್ರೋಟೀನಿನದೇ ಒಂದು ರೂಪವನ್ನು ಅಳೆಯುವ ಪರೀಕ್ಷೆಗಳು ಬಂದಿವೆ. ಇದರಿಂದ ಎಷ್ಟೋ ಜನರಿಗೆ ಬೆನ್ನಿನ ಸೂಜಿ ತಪ್ಪಬಹುದು. ರಕ್ತದ ಫಲಿತಾಂಶ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ ಎಂಬಂತೆ ಬಂದಾಗ, ಮಿದುಳಿನ ಅಮಿಲಾಯ್ಡ್ ತೋರಿಸುವ ಪೆಟ್ ಸ್ಕ್ಯಾನ್ ಇಲ್ಲವೇ ಬೆನ್ನಿನ ನೀರಿನ ಪರೀಕ್ಷೆ ಬೇಕಾಗುತ್ತದೆ.